ವಿದ್ಯುತ್ ಲಾರಿಯೂ ಅತಿಭಾರದ ಪ್ರಶ್ನೆಯೂ

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಅನ್ನಪಾನಗಳನ್ನು ತಡೆಯುವುದು ಎಂಬ ನಾಲ್ಕರ ಕ್ರೌರ್ಯವು ಎಂಥವರ ಕಣ್ಣಿಗೂ ಬೀಳುವಂಥದು. ಇವುಗಳ ಜೊತೆಗೆ ಎಣಿಸಿರುವ ಅತಿಭಾರಾರೋಪಣವು, ಎಂದರೆ ಹೊರಲಾರದಷ್ಟು ಹೊರೆಯನ್ನು ಹೇರುವುದು, ಅಷ್ಟು ಸುಲಭವಾಗಿ ಕಾಣುವುದಿಲ್ಲ. ಕೋಪದಲ್ಲಿ ಕೈಯೆತ್ತಿದವನಿಗೆ ತಾನು ಕೈಯೆತ್ತಿದ್ದು ಗೊತ್ತಿರುತ್ತದೆ. ಎರಡು ಗಾಡಿಗಳ ಸರಕನ್ನು ಒಂದೇ ಗಾಡಿಗೆ ಏರಿಸಿ ಕಳುಹಿಸಿದವನಿಗೆ ಬಾಡಿಗೆಯಲ್ಲಿ ಉಳಿದ ಹಣ ಮಾತ್ರ ಗೊತ್ತಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದು ಉಳಿತಾಯವೆಂದೇ ಬರೆಯಲ್ಪಡುತ್ತದೆ. ಆದುದರಿಂದ ಈ ಅತಿಚಾರವು ವಿಶೇಷವಾಗಿ ವ್ಯಾಪಾರಿಯನ್ನು ಕುರಿತದ್ದೆಂದು ಭಾವಿಸಿದರೆ ತಪ್ಪಾಗಲಾರದು.

ಮೋಟಾರು ಲಾರಿ ಬಂದಾಗ ಎತ್ತಿನ ಹೆಗಲ ಮೇಲಿನ ನೊಗ ಇಳಿಯಿತು. ಜೀವದಯೆಯ ದೃಷ್ಟಿಯಿಂದ ಅದು ಸಣ್ಣ ಸಂಗತಿಯಲ್ಲ. ಆದರೆ ಹೊರೆಯೆಂಬುದು ಒಂದು ಹೆಗಲಿನಿಂದ ಇಳಿದರೆ ಇನ್ನೊಂದನ್ನು ಹುಡುಕಿಕೊಳ್ಳುವ ಸ್ವಭಾವದ್ದು. ಎತ್ತು ಹೊರುತ್ತಿದ್ದುದನ್ನು ಯಂತ್ರ ಹೊತ್ತಿತು. ಯಂತ್ರದ ಹೊಗೆಯನ್ನು ರಸ್ತೆಬದಿಯ ಜನ ಹೊತ್ತರು. ನಿದ್ರೆಗೆಟ್ಟು ಓಡಿಸುವ ಕಷ್ಟವನ್ನು ಚಾಲಕನು ಹೊತ್ತನು. ಈಗ ಅದೇ ಲಾರಿಯನ್ನು ಡೀಸೆಲಿನಿಂದ ವಿದ್ಯುತ್ತಿಗೆ ಬದಲಾಯಿಸುವ ಕಾಲ ಬಂದಿದೆ. ಹೊಗೆ ಇಳಿಯುತ್ತದೆ. ಇಳಿದ ಹೊರೆ ಈ ಸಲ ಯಾರ ಹೆಗಲನ್ನು ಏರುತ್ತಿದೆ ಎಂಬುದೇ ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವ ಪ್ರಶ್ನೆ.

ಬದಲಾವಣೆ ಬೇಕೆಂಬುದರಲ್ಲಿ ವಿವಾದವಿಲ್ಲ. 2025ರ ಜುಲೈ ತಿಂಗಳಿನಲ್ಲಿ ವಿದ್ಯುತ್ ಲಾರಿಗಳ ಪ್ರೋತ್ಸಾಹಧನ ಯೋಜನೆಯನ್ನು ಪ್ರಕಟಿಸುವಾಗ ಕೇಂದ್ರದ ಬೃಹತ್ ಕೈಗಾರಿಕಾ ಸಚಿವ ಎಚ್. ಡಿ. ಕುಮಾರಸ್ವಾಮಿಯವರು ಕೊಟ್ಟ ಅಂಕಿಗಳನ್ನು ನೋಡಿದರೆ ಸಾಕು: ದೇಶದ ವಾಹನಗಳಲ್ಲಿ ಡೀಸೆಲ್ ಲಾರಿಗಳ ಸಂಖ್ಯೆ ಶೇ. 3 ಮಾತ್ರ; ಸಾರಿಗೆಯಿಂದ ಹೊರಡುವ ಹಸಿರುಮನೆ ಅನಿಲಗಳಲ್ಲಿ ಅವುಗಳ ಪಾಲು ಶೇ. 42. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇದಲ್ಲದೆ ಸೂಕ್ಷ್ಮವಾದ ಮಸಿ ಬೇರೆ. ಪೀಣ್ಯ, ನೆಲಮಂಗಲ, ಹೊಸಕೋಟೆಗಳ ಹೆದ್ದಾರಿ ಬದಿಯಲ್ಲಿ ಅಂಗಡಿಯಿಟ್ಟವರಿಗೆ ಇದನ್ನು ಅಂಕಿಸಂಖ್ಯೆಗಳಿಂದ ತಿಳಿಸಬೇಕಾಗಿಲ್ಲ.

ಹಾಗಿದ್ದರೂ ಬದಲಾವಣೆ ಏಕೆ ನಿಧಾನವಾಗಿದೆ? ಮೊದಲ ತೊಡಕು ತೂಕದ್ದು. ಇಪ್ಪತ್ತೆಂಟು ಟನ್ನಿನ ಲಾರಿಯೊಂದು ಲೋಡಿನೊಡನೆ ಮುನ್ನೂರು ಕಿಲೋಮೀಟರ್ ಹೋಗಬೇಕಾದರೆ, ಲೀಟರಿಗೆ ನಾಲ್ಕು ಕಿಲೋಮೀಟರಿನ ಲೆಕ್ಕದಲ್ಲಿ, 75 ಲೀಟರ್ ಡೀಸೆಲ್ ಬೇಕು. ಅದರ ತೂಕ 65 ಕಿಲೋವನ್ನು ಮುಟ್ಟುವುದಿಲ್ಲ. ಅದೇ ಲಾರಿಗೆ ವಿದ್ಯುತ್ತಾದರೆ ಕಿಲೋಮೀಟರಿಗೆ ಸುಮಾರು 1.2 ಯೂನಿಟ್ಟಿನಂತೆ 360 ಯೂನಿಟ್ ಬೇಕಾಗುತ್ತದೆ. ಒಂದು ಕಿಲೋ ಬ್ಯಾಟರಿಯಲ್ಲಿ ಹಿಡಿಸುವುದು ಒಂದು ಯೂನಿಟ್ಟಿನ ಆರು ಅಥವಾ ಏಳರಲ್ಲೊಂದು ಪಾಲು ಎಂದು ಹಿಡಿದರೆ, ಬ್ಯಾಟರಿಯೊಂದೇ ಎರಡೂವರೆ ಟನ್ನಿನ ಹತ್ತಿರಕ್ಕೆ ಬರುತ್ತದೆ. ಎಂಜಿನ್ನು, ಗೇರ್‌ಬಾಕ್ಸ್, ಡೀಸೆಲ್ ಟ್ಯಾಂಕು ಇಲ್ಲವಾದುದರಿಂದ ಸ್ವಲ್ಪ ತೂಕ ಉಳಿಯುವುದು ನಿಜ. ಆದರೂ ಕಾನೂನು ಒಪ್ಪುವ ಒಟ್ಟು ತೂಕದಲ್ಲಿ ಸರಕಿನ ಪಾಲು ಕುಗ್ಗುತ್ತದೆ. ಟನ್ನಿನ ಲೆಕ್ಕದಲ್ಲಿ ಬಾಡಿಗೆ ಪಡೆಯುವವನಿಗೆ ಇದು ನೇರವಾದ ನಷ್ಟ. ಯೂರೋಪಿನ ಒಕ್ಕೂಟವು ಹೊಗೆಯಿಲ್ಲದ ಲಾರಿಗಳಿಗೆ ಎರಡು ಟನ್ನಿನವರೆಗೆ ಹೆಚ್ಚುವರಿ ತೂಕಕ್ಕೆ ಅನುಮತಿ ಕೊಟ್ಟಿರುವುದು ಈ ಕಾರಣದಿಂದಲೇ.

ಊರೊಳಗಿನ ಸಾಗಣೆಯಲ್ಲಿ ಈ ತೊಡಕು ಅಷ್ಟಿಲ್ಲ. ನಿಶ್ಚಿತವಾದ ದಾರಿ, ಮೇಲಿಂದ ಮೇಲೆ ನಿಲ್ಲುವ ಕೆಲಸ, ರಾತ್ರಿ ಒಂದೇ ಕಡೆ ತಂಗುವ ವಾಹನ ಇವೆಲ್ಲ ಬ್ಯಾಟರಿಗೆ ಒಗ್ಗುವ ಗುಣಗಳು. ಬ್ರಿಟನ್ನಿನಲ್ಲಿ ಮನೆಮನೆಗೆ ಹಾಲು ಹಂಚುವ ಸಾವಿರಾರು ಗಾಡಿಗಳು ಕಳೆದ ಶತಮಾನದ ನಡುಭಾಗದಲ್ಲಿಯೇ ಬ್ಯಾಟರಿಯಿಂದ ಓಡುತ್ತಿದ್ದವು. ಇದು ಹೊಸದಾಗಿ ಕಂಡುಹಿಡಿದ ವಿದ್ಯೆಯೆಂದು ಭಾವಿಸುವವರು ಆ ಗಾಡಿಗಳನ್ನು ನೆನೆಯುವುದು ಒಳ್ಳೆಯದು. ನಮ್ಮಲ್ಲಿ ಸರಕಿನ ಮೂರುಚಕ್ರದ ಆಟೊಗಳು ಈಗಾಗಲೇ ಬಹಳಷ್ಟು ಬದಲಾಗಿವೆ. 2022ರಲ್ಲಿ ಬಂದ ಟಾಟಾ ಏಸ್ ವಿದ್ಯುತ್ ವಾಹನದ ಮೊದಲ ಮಾದರಿಯು 600 ಕಿಲೋ ಹೊರುತ್ತಿತ್ತು. 2024ರಲ್ಲಿ ಒಂದು ಟನ್ ಹೊರುವ ಮಾದರಿಯೂ ಬಂದಿತು. ಚಿಕ್ಕಪೇಟೆಯ ಜವಳಿ ಗಂಟಿಗೆ ಇಷ್ಟು ಸಾಕು. ಘಟ್ಟ ಇಳಿದು ಮಂಗಳೂರು ಬಂದರಿಗೆ ಹೋಗುವ ಲಾರಿಗೆ ಸಾಲದು.

ವಿದ್ಯುತ್ತಿನ ಮೂಲದ ಪ್ರಶ್ನೆಯನ್ನೂ ಮುಚ್ಚಿಡಬಾರದು. ದೇಶದಲ್ಲಿ ಉತ್ಪಾದನೆಯಾಗುವ ಹತ್ತು ಯೂನಿಟ್ ವಿದ್ಯುತ್ತಿನಲ್ಲಿ ಏಳರಷ್ಟು ಇಂದಿಗೂ ಕಲ್ಲಿದ್ದಲಿನದು. ಸಣ್ಣ ವಾಹನಗಳ ಮಟ್ಟಿಗೆ ವಿದ್ಯುತ್ತೇ ಮೇಲೆಂಬುದು ಸ್ಪಷ್ಟ. ಭಾರಿ ಲಾರಿಗಳಲ್ಲಿ ಇಂಗಾಲದ ಉಳಿತಾಯವು ಸದ್ಯಕ್ಕೆ ತೀರ ತೆಳುವಾದದ್ದು. ಸೂರ್ಯನ ಮತ್ತು ಗಾಳಿಯ ವಿದ್ಯುತ್ತು ಹೆಚ್ಚಿದಂತೆ ಅದೂ ಹೆಚ್ಚೀತು. ಬೀದಿಯ ಹೊಗೆಯಂತೂ ಮೊದಲ ದಿನದಿಂದಲೇ ಇಲ್ಲವಾಗುತ್ತದೆ. ಇನ್ನು ದೂರದ ಸರಕಿಗೆ ವಿದ್ಯುತ್ ವಾಹನವಿಲ್ಲವೆಂದು ಕೊರಗುವವರು ಗೂಡ್ಸ್ ರೈಲನ್ನು ಮರೆಯುವುದು ವಿಚಿತ್ರ. ಬ್ರಾಡ್‌ಗೇಜ್ ಮಾರ್ಗಗಳು ಬಹುತೇಕ ಪೂರ್ಣವಾಗಿ ವಿದ್ಯುದೀಕರಣಗೊಂಡಿವೆ. ಬ್ಯಾಟರಿಯನ್ನು ಹೊರದೆಯೇ ಸಾವಿರಾರು ಟನ್ ಎಳೆಯುವ ವಿದ್ಯುತ್ ವಾಹನವು ಹಳಿಯ ಮೇಲೆ ನಿಂತೇ ಇದೆ. ಸರಕು ನಾಳೆಯೇ ತಲುಪಬೇಕೆಂಬ ಆತುರವನ್ನು ಬಿಡದ ಹೊರತು ಅದು ಕಣ್ಣಿಗೆ ಬೀಳದು.

ಇವೆಲ್ಲ ಎಂಜಿನಿಯರರು ಕಾಲಕ್ರಮದಲ್ಲಿ ಬಿಡಿಸಬಲ್ಲ ತೊಡಕುಗಳು. ಧರ್ಮಸಂಕಟವಿರುವುದು ಬೇರೆಡೆ, ಬಂಡವಾಳದ ಲೆಕ್ಕದಲ್ಲಿ.

ನಮ್ಮ ದೇಶದ ಲಾರಿ ಉದ್ಯಮವು ದೊಡ್ಡ ಕಂಪನಿಗಳ ಉದ್ಯಮವಲ್ಲ. ಲಾರಿಗಳ ಬಹುಪಾಲು ಒಂದೆರಡು, ಹೆಚ್ಚೆಂದರೆ ನಾಲ್ಕೈದು ಗಾಡಿಗಳುಳ್ಳ ಸಣ್ಣ ಮಾಲೀಕರ ಕೈಯಲ್ಲಿದೆ. ಅನೇಕರು ತಾವೇ ಚಾಲಕರು. ವಿದ್ಯುತ್ ಲಾರಿಯ ಬೆಲೆಯು ಡೀಸೆಲ್ ಲಾರಿಯ ಎರಡರಿಂದ ಮೂರು ಪಟ್ಟು. ಸರ್ಕಾರ ಸುಮ್ಮನಿದೆಯೆನ್ನುವಂತಿಲ್ಲ. ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ಲಾರಿಗಳಿಗೆ 500 ಕೋಟಿ ರೂಪಾಯಿ ಇಡಲಾಗಿದೆ. ಸುಮಾರು 5,600 ಲಾರಿಗಳಿಗೆ, ಲಾರಿಯೊಂದಕ್ಕೆ ಗರಿಷ್ಠ 9.6 ಲಕ್ಷ ರೂಪಾಯಿಯವರೆಗೆ ಸಹಾಯಧನವುಂಟು. ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ. 2019ರಿಂದ ಶೇ. 5. ಆದರೆ 2025ರ ಸೆಪ್ಟೆಂಬರ್ 22ರಿಂದ ಡೀಸೆಲ್ ಲಾರಿಗಳ ಮೇಲಿನ ತೆರಿಗೆಯನ್ನೂ ಶೇ. 28ರಿಂದ ಶೇ. 18ಕ್ಕೆ ಇಳಿಸಿದ್ದರಿಂದ, ವಿದ್ಯುತ್ ಲಾರಿಗೆ ಇದ್ದ ಅನುಕೂಲದಲ್ಲಿ ಒಂದು ಭಾಗ ಕರಗಿತು.

ಸಹಾಯಧನವೆಲ್ಲ ಕಳೆದು ಎರಡು ಲಾರಿಗಳ ಬೆಲೆಯ ಅಂತರ 30 ಲಕ್ಷ ರೂಪಾಯಿಯೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಶೇ. 12ರ ಬಡ್ಡಿಯಲ್ಲಿ ಮೊದಲ ವರ್ಷದ ಬಡ್ಡಿ 3.6 ಲಕ್ಷ. ಐದು ವರ್ಷಗಳಲ್ಲಿ ತೀರಿಸುವುದಾದರೆ ಅಸಲು ವರ್ಷಕ್ಕೆ 6 ಲಕ್ಷ. ಒಟ್ಟು 9.6 ಲಕ್ಷ. ಇನ್ನು ಉಳಿತಾಯವನ್ನು ನೋಡಿದರೆ, ಡೀಸೆಲಿಗೆ ಲೀಟರಿಗೆ 90 ರೂಪಾಯಿ, ವಿದ್ಯುತ್ತಿಗೆ ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿದಲ್ಲಿ, ಕಿಲೋಮೀಟರಿಗೆ ಉಳಿಯುವುದು ಸುಮಾರು ಹತ್ತು ರೂಪಾಯಿ. ಎಂದರೆ ಕಂತು ಕಟ್ಟುವುದಕ್ಕೇ ಆ ಲಾರಿ ವರ್ಷಕ್ಕೆ 96,000 ಕಿಲೋಮೀಟರ್, ತಿಂಗಳಿಗೆ 8,000 ಕಿಲೋಮೀಟರ್ ಓಡಬೇಕು. ತಿಂಗಳಲ್ಲಿ ಇಪ್ಪತ್ತಾರು ದಿನ, ದಿನಕ್ಕೆ ಮುನ್ನೂರಕ್ಕೂ ಮಿಕ್ಕಿ.

ಈ ಲೆಕ್ಕದೊಳಗೆ ಒಂದು ಸೂಕ್ಷ್ಮವಿದೆ. ಡೀಸೆಲ್ ಲಾರಿಯ ಖರ್ಚಿನ ದೊಡ್ಡ ಪಾಲು ಓಡಿದಾಗ ಮಾತ್ರ ಬರುವಂಥದು. ನಿಂತ ದಿನ ಡೀಸೆಲಿನ ಖರ್ಚಿಲ್ಲ. ವಿದ್ಯುತ್ ಲಾರಿಯ ಖರ್ಚಿನ ದೊಡ್ಡ ಪಾಲು ಕೊಂಡ ದಿನವೇ ತಲೆಯ ಮೇಲೆ ಕೂತಿರುತ್ತದೆ. ಓಡಿದರೂ ನಿಂತರೂ ಕಂತು ಒಂದೇ. ಆದುದರಿಂದ ಆ ಲಾರಿಯು ತನ್ನ ಮಾಲೀಕನನ್ನು ಸಾಕುವುದೋ ಮುಳುಗಿಸುವುದೋ ಎಂಬುದು ಪ್ರತಿದಿನ ತಪ್ಪದೆ ಲೋಡು ಸಿಗುವುದರ ಮೇಲೆ ನಿಂತಿದೆ. ಲೋಡು ಕೊಡುವವನು ಮಾಲೀಕನಲ್ಲ, ಸರಕಿನ ವ್ಯಾಪಾರಿ. ಯಶವಂತಪುರದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಲೋಡಿಗಾಗಿ ದಿನಗಟ್ಟಲೆ ಕಾದು ನಿಂತ ಲಾರಿಗಳು ಕಾಣುವುದು ಅಪರೂಪವಲ್ಲ. ಇವತ್ತು ಕರೆದು ನಾಳೆ ಬೇಡವೆನ್ನುವ ಸ್ವಾತಂತ್ರ್ಯ ವ್ಯಾಪಾರಿಗೆ, ಐದು ವರ್ಷದ ಕಂತಿನ ಬಂಧನ ಲಾರಿಯವನಿಗೆ. ಅತಿಭಾರಾರೋಪಣದ ಆಧುನಿಕ ರೂಪ ಇದಕ್ಕಿಂತ ಸ್ಪಷ್ಟವಾಗಿ ಸಿಗಲಾರದು.

ಹಣದ ಹೊರೆಯಂತೆಯೇ ಹೊತ್ತಿನ ಹೊರೆಯೊಂದಿದೆ. ಡೀಸೆಲ್ ತುಂಬಿಸಲು ಹತ್ತು ನಿಮಿಷ ಸಾಕು. ಚಾರ್ಜಿಂಗಿಗೆ ಗಂಟೆಗಳು ಬೇಕು. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವ ಚಾಲಕನಿಗೆ, ಪಾರ್ಸಲಿನ ಲೆಕ್ಕದಲ್ಲಿ ದುಡಿಯುವ ಆಟೊದ ಹುಡುಗನಿಗೆ ಆ ಗಂಟೆಗಳ ಸಂಬಳ ಕೊಡುವವರಾರು? ಹಳ್ಳಿಗಾಡಿನ ದಾರಿಯಲ್ಲಿ ಚಾರ್ಜರ್ ಕೆಟ್ಟಿದ್ದರೆ, ಮುಂದಿನದು ಎಷ್ಟು ದೂರವೆಂಬ ಆತಂಕವೂ ಅವನದೇ. ಕರ್ನಾಟಕವು 2017ರಲ್ಲಿಯೇ, ದೇಶದಲ್ಲಿ ಮೊದಲಿಗೆ, ವಿದ್ಯುತ್ ವಾಹನಗಳ ನೀತಿಯನ್ನು ಹೊರಡಿಸಿದ ರಾಜ್ಯ. ನೀತಿಯ ಪತ್ರದಲ್ಲಿ ಚಾರ್ಜಿಂಗ್ ಕೇಂದ್ರಗಳುಂಟು. ಅಲ್ಲಿ ಕಾಯುವ ಮನುಷ್ಯನ ಹೊತ್ತಿಗೆ ಬೆಲೆ ಕಟ್ಟುವ ಕೆಲಸವನ್ನು ನೀತಿ ಮಾಡಲಾರದು, ಬಾಡಿಗೆ ನಿಗದಿ ಮಾಡುವವರು ಮಾಡಬೇಕು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ‘ವ್ಯಾಪಾರಿಯು ಬಾಡಿಗೆ ಕೊಟ್ಟು ಸರಕು ಕಳುಹಿಸುತ್ತಾನೆ. ಲಾರಿ ಯಾರದು, ಸಾಲ ಎಷ್ಟು ಎಂಬುದು ಅವನಿಗೆ ಸಂಬಂಧಿಸಿದ ವಿಷಯವೇ? ಪೇಟೆಯ ದರ ಕೊಟ್ಟಲ್ಲಿಗೆ ಅವನ ಧರ್ಮ ಮುಗಿಯಲಿಲ್ಲವೇ?’ ಎಂದು ಕೇಳಬಹುದು. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಕರ್ಮವನ್ನು ಮೂರು ಬಗೆಯಾಗಿ ಎಣಿಸುವ ಪರಂಪರೆಯಲ್ಲಿ ಬೆಳೆದವರಿಗೆ ಈ ಸಮಾಧಾನ ಸಾಲದು. ಆಶ್ಚರ್ಯವೆಂದರೆ ದೇಶದ ಕಾನೂನೂ ಹಾಗೆಯೇ ಎಣಿಸುತ್ತದೆ. ಮೋಟಾರು ವಾಹನ ಕಾಯ್ದೆಯ 194ನೆಯ ಕಲಮು ಅತಿಭಾರದ ಲಾರಿಯನ್ನು ಓಡಿಸಿದವನ ಜೊತೆಗೆ ಓಡಿಸಲು ಕಾರಣನಾದವನನ್ನೂ ಓಡಿಸಲು ಬಿಟ್ಟವನನ್ನೂ ಹೊಣೆಗಾರರನ್ನಾಗಿ ಮಾಡಿದೆ. 2019ರ ತಿದ್ದುಪಡಿಯಿಂದ ದಂಡವು 20,000 ರೂಪಾಯಿ ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ತೂಕದ ಸೇತುವೆಯ ಮೇಲೆ ನಿಂತ ಲಾರಿಯ ಅತಿಭಾರವನ್ನು ಅಳೆಯುವುದು ಸುಲಭ. ಸಾಲದ ಅತಿಭಾರವನ್ನು ಅಳೆಯುವ ಸೇತುವೆಯನ್ನು ಯಾವ ಹೆದ್ದಾರಿಯಲ್ಲಿಯೂ ಕಟ್ಟಿಲ್ಲ.

ದೊಡ್ಡ ಉದ್ಯಮಗಳ ಲೆಕ್ಕಪತ್ರಗಳಲ್ಲಿ ಈ ‘ಮಾಡಿಸಿದ್ದರ’ ಎಣಿಕೆ ಬೇರೊಂದು ದಾರಿಯಿಂದ ಪ್ರವೇಶಿಸಿದೆ. ಕಂಪನಿಯು ತಾನೇ ಉರಿಸಿದ ಇಂಧನ ಒಂದನೆಯ ವರ್ಗ, ಕೊಂಡ ವಿದ್ಯುತ್ತು ಎರಡನೆಯದು, ಇತರರಿಂದ ಮಾಡಿಸಿದ ಸಾಗಣೆಯೇ ಮೊದಲಾದವುಗಳ ಹೊಗೆ ಮೂರನೆಯದು ಎಂಬ ವಿಂಗಡಣೆಯು ಈಗ ಲೋಕದ ತುಂಬ ಬಳಕೆಯಲ್ಲಿದೆ. ನಮ್ಮ ಸೆಬಿಯು ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳಿಗೆ 2022–23ರಿಂದ ಕಡ್ಡಾಯ ಮಾಡಿದ ಹೊಣೆಗಾರಿಕೆಯ ವರದಿಯಲ್ಲಿಯೂ ಈ ಮೂರನೆಯ ವರ್ಗಕ್ಕೆ ಜಾಗವಿದೆ, ಅದನ್ನು ತುಂಬುವುದು ಐಚ್ಛಿಕವಾದರೂ. ಅಮೆಜಾನ್ ಸಂಸ್ಥೆಯು 2025ರೊಳಗೆ ಭಾರತದಲ್ಲಿ 10,000 ವಿದ್ಯುತ್ ವಾಹನಗಳನ್ನು ವಿತರಣೆಗೆ ಇಳಿಸುವುದಾಗಿ 2020ರಲ್ಲಿ ಘೋಷಿಸಿತು. ಫ್ಲಿಪ್‌ಕಾರ್ಟ್ 2030ನ್ನು ಗಡುವಾಗಿ ಇಟ್ಟುಕೊಂಡಿತು. ದೆಹಲಿ ಸರ್ಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಯೋಜನೆಯಂತೆ ಅಲ್ಲಿ ಸರಕು ತಲುಪಿಸುವ ದೊಡ್ಡ ಸಂಸ್ಥೆಗಳ ವಾಹನಗಳೆಲ್ಲ 2030ರ ಏಪ್ರಿಲ್ 1ರೊಳಗೆ ವಿದ್ಯುತ್ತಿನವಾಗಬೇಕು. ಇವು ಸ್ವಾಗತಾರ್ಹ ಸಂಕಲ್ಪಗಳೇ. ಕೇಳಬೇಕಾದ ಪ್ರಶ್ನೆ ಇಷ್ಟೇ: ವರದಿಯಲ್ಲಿ ಇತರರ ವಾಹನದ ಹೊಗೆ ಕಡಿಮೆಯಾದದ್ದು ತನ್ನ ಪುಣ್ಯವೆಂದು ಜಮೆಯಾಗುವುದಾದರೆ, ಆ ವಾಹನದ ಸಾಲ ಇತರರದೆಂದು ಉಳಿಯುವುದು ಹೇಗೆ ಸರಿ? ಮಾಡಿಸಿದ್ದರ ಫಲಕ್ಕೆ ಭಾಗಿಯಾದವನು ಮಾಡಿಸಿದ್ದರ ಭಾರಕ್ಕೂ ಭಾಗಿಯಾಗಲೇಬೇಕು. ಒಂದೇ ಪುಸ್ತಕದಲ್ಲಿ ಜಮೆಯನ್ನು ಬರೆದು ಖರ್ಚನ್ನು ಬಿಡುವುದನ್ನು ವಾಣಿಜ್ಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಒಪ್ಪಲಾರನು.

ಹಾಗಾದರೆ ಸಣ್ಣ ಮಾಲೀಕನು ಸಿದ್ಧನಾಗುವವರೆಗೆ ಡೀಸೆಲಿನಲ್ಲಿಯೇ ಮುಂದುವರಿಯಲಿ ಎನ್ನೋಣವೇ? ಈ ಕರುಣೆಯೂ ಅಷ್ಟು ಶುದ್ಧವಾದುದಲ್ಲ. ತಡಮಾಡುವುದೂ ಹೊರೆ ಹೇರುವ ಒಂದು ಬಗೆ. ಆ ಹೊರೆ ರಸ್ತೆಬದಿಯ ಮಕ್ಕಳ ಎದೆಗೂಡಿನ ಮೇಲೆ ಬೀಳುತ್ತದೆ. ಅವರು ಯಾವ ಒಪ್ಪಂದಕ್ಕೂ ಸಹಿ ಹಾಕಿದವರಲ್ಲ. ಲಾರಿಯವನ ಬಡತನವನ್ನು ಮುಂದಿಟ್ಟು ತನ್ನ ಬಾಡಿಗೆಯನ್ನು ಉಳಿಸಿಕೊಳ್ಳುವ ವ್ಯಾಪಾರಿಗೆ ಇಬ್ಬರ ಮೇಲೂ ದಯೆಯಿಲ್ಲ. ಬ್ಯಾಟರಿಯ ಲೋಹಗಳ ವಿಷಯದಲ್ಲಿಯೂ ಇಂಥದೇ ವಾದ ಕೇಳಿಬರುತ್ತದೆ. ಕಾಂಗೋ ದೇಶದ ಕೋಬಾಲ್ಟ್ ಗಣಿಗಳಲ್ಲಿ ಮಕ್ಕಳು ದುಡಿಯುತ್ತಿರುವುದು ನಿಜ, ಘೋರವೂ ಹೌದು. ಆದರೆ ಕಬ್ಬಿಣ ಮತ್ತು ಫಾಸ್ಫೇಟಿನ ಬಗೆಯ ಲಿಥಿಯಂ ಬ್ಯಾಟರಿಗಳಲ್ಲಿ ಕೋಬಾಲ್ಟ್ ಇರುವುದೇ ಇಲ್ಲ, ಸರಕಿನ ವಾಹನಗಳಿಗೆ ಅವು ಧಾರಾಳವಾಗಿ ಸಿಗುತ್ತವೆ. ಕೊಳ್ಳುವಾಗ ಬ್ಯಾಟರಿ ಯಾವ ಬಗೆಯದೆಂದು ಕೇಳುವಷ್ಟು ವಿವೇಕವನ್ನು ತೋರಿಸಿದರೆ ಆಯಿತು.

ಪರಿಮಾಣದ ಪ್ರಶ್ನೆಯೂ ಇದೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದನೆಂಬ ಗೃಹಸ್ಥನು ವ್ರತ ಸ್ವೀಕರಿಸುವಾಗ ದೂರದೇಶದ ಸಾಗಣೆಗೆ ಐದುನೂರು, ಸ್ಥಳೀಯ ಸಾಗಣೆಗೆ ಐದುನೂರು ಬಂಡಿಗಳೆಂದು ಮಿತಿ ಹಾಕಿಕೊಂಡ ವೃತ್ತಾಂತವಿದೆ. ಸಾವಿರ ಬಂಡಿಗಳು ಕಡಿಮೆಯೇನಲ್ಲ. ಇಂದಿನ ಅಳತೆಯಲ್ಲಿ ಅವನು ದೊಡ್ಡ ಟ್ರಾನ್ಸ್‌ಪೋರ್ಟ್ ಮಾಲೀಕನೇ. ಆದರೆ ಬಂಡಿಗಳಿಗೂ ಒಂದು ಕೊನೆಯ ಸಂಖ್ಯೆಯಿರಬೇಕೆಂದು ಅವನಿಗೆ ತೋರಿತು. ಹಾಲಿನ ಪೊಟ್ಟಣವನ್ನೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ತರಿಸುವ ನಗರಗಳಲ್ಲಿ ವಾಹನದ ಇಂಧನ ಬದಲಾಗುತ್ತಿದೆ, ಸಂಚಾರದ ಸಂಖ್ಯೆ ಬೆಳೆಯುತ್ತಲೇ ಇದೆ.

ಹೊರೆಯನ್ನು ಹಂಚಿಕೊಳ್ಳುವ ಮಾರ್ಗಗಳೇನೂ ದುಸ್ಸಾಧ್ಯವಲ್ಲ. ಲಾರಿಯವನ ಸಾಲ ಐದು ವರ್ಷದ್ದಾದರೆ ಸರಕಿನ ಒಪ್ಪಂದವನ್ನೂ ಐದು ವರ್ಷಕ್ಕೆ ಬರೆಯಬಹುದು. ತಿಂಗಳಿಗೆ ಇಷ್ಟು ಕಿಲೋಮೀಟರಿನ ಬಾಡಿಗೆ, ಲೋಡು ಇರಲಿ ಇಲ್ಲದಿರಲಿ, ಸಲ್ಲುತ್ತದೆಂದು ಮಾತು ಕೊಡಬಹುದು. ಸಾಲ ಕೊಡುವ ಫೈನಾನ್ಸ್ ಕಂಪನಿಗೂ ಅಂಥ ಒಪ್ಪಂದವೇ ದೊಡ್ಡ ಜಾಮೀನು, ಬಡ್ಡಿಯೂ ಇಳಿದೀತು. ಗೋದಾಮಿನ ಅಂಗಳದಲ್ಲಿಯೇ ಚಾರ್ಜರ್ ಹಾಕಿಸಿದರೆ ಸರಕು ಇಳಿಸಿ ಏರಿಸುವ ಹೊತ್ತೇ ಚಾರ್ಜಿಂಗಿನ ಹೊತ್ತಾಗುತ್ತದೆ. ಹಮಾಲರ ಕೆಲಸ ಮುಗಿಯುವವರೆಗೆ ಲಾರಿ ಹೇಗಿದ್ದರೂ ನಿಂತೇ ಇರುತ್ತದೆ. ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಕೊಡಲು, ಠೇವಣಿ ಕಟ್ಟಲು ಗೋದಾಮಿನ ಒಡೆಯನಿಗಿರುವ ಶಕ್ತಿ ಒಂಟಿ ಲಾರಿಯವನಿಗೆ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬನು ಲೆಕ್ಕದಿಂದ ಹೊರಗೆ ಉಳಿಯುತ್ತಾನೆ. ಈ ದೇಶದಲ್ಲಿ ಕ್ಲೀನರನಾಗಿ ಸೇರಿದವನು ಚಾಲಕನಾಗಿ, ಚಾಲಕನು ಮಾಲೀಕನಾಗುವುದಕ್ಕೆ ಇದ್ದ ಏಣಿಯೆಂದರೆ ಹಳೆಯ ಲಾರಿ. ದೊಡ್ಡ ಟ್ರಾನ್ಸ್‌ಪೋರ್ಟಿನವರು ಐದಾರು ವರ್ಷ ಓಡಿಸಿ ಮಾರಿದ್ದನ್ನು ಕೊಂಡು, ಎಂಜಿನ್ನನ್ನು ಬಿಚ್ಚಿಸಿ ದುರಸ್ತಿ ಮಾಡಿಸಿ, ಇನ್ನೂ ಹತ್ತು ವರ್ಷ ಅದರಿಂದ ಸಂಸಾರ ನಡೆಸಿದವರು ಅಸಂಖ್ಯ. ವಿದ್ಯುತ್ ಲಾರಿಯ ಸಹಾಯಧನದ ನಿಯಮದಲ್ಲಿ ಬ್ಯಾಟರಿಗೆ ಐದು ವರ್ಷ ಅಥವಾ ಐದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ತಯಾರಕರ ಖಾತರಿಯಿದೆ. ಮೊದಲ ಮಾಲೀಕನಿಗೆ ಅದು ಸಾಕು. ಆರನೆಯ ವರ್ಷದಲ್ಲಿ ಕೊಳ್ಳುವ ಎರಡನೆಯ ಮಾಲೀಕನ ಪಾಲಿಗೆ ಬರುವುದು ಖಾತರಿ ಮುಗಿದ, ಬಲ ಕುಗ್ಗಿದ ಬ್ಯಾಟರಿ. ಲಾರಿಯ ಬೆಲೆಯ ದೊಡ್ಡ ಪಾಲೇ ಅದು, ಬೀದಿಯ ಮೆಕ್ಯಾನಿಕ್ಕನ ಕೈಗೆ ನಿಲುಕುವಂಥದಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಸತ್ತ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಅರೆಜೀವದ ಬ್ಯಾಟರಿಯ ಹೊಣೆ ಇನ್ನೂ ಯಾರದೆಂದು ತೀರ್ಮಾನವಾಗಿಲ್ಲ. ಐದು ವರ್ಷದ ಒಪ್ಪಂದಕ್ಕೆ ಇಂದು ಸಹಿ ಹಾಕುವ ವ್ಯಾಪಾರಿ ಮತ್ತು ಟ್ರಾನ್ಸ್‌ಪೋರ್ಟಿನವರು, ಅದೇ ಕಾಗದದಲ್ಲಿ ಆರನೆಯ ವರ್ಷದ ಬ್ಯಾಟರಿಯ ಬೆಲೆಗಾಗಿ ತಿಂಗಳು ತಿಂಗಳು ಬಾಡಿಗೆಯಿಂದ ಇಷ್ಟು ತೆಗೆದಿಡಬೇಕೆಂದು ಬರೆದುಕೊಳ್ಳಲು ಅಡ್ಡಿಯೇನೂ ಇಲ್ಲ. ಆ ಹಣ ಲಾರಿಯ ಜೊತೆಯಲ್ಲಿಯೇ, ಅದನ್ನು ಮುಂದೆ ಕೊಳ್ಳುವ ಚಾಲಕನಿಗೆ ಹೋಗಬೇಕು.